ಬಾಗಿಲಿಗೆ ಕಟ್ಟಿದ ಸುಟ್ಟ ವೈರು

ಸಿರುಗುಪ್ಪದ ಬಸ್‌ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಎಲ್ಲ ಅಂಗಡಿಗಳ ಬಾಗಿಲಿಗೂ ದೃಷ್ಟಿಗೆಂದು ನಿಂಬೆಹಣ್ಣು, ಹಸಿಮೆಣಸಿನಕಾಯಿ ಪೋಣಿಸಿ ಕಟ್ಟಿರುತ್ತಾರೆ. ನಾನು ಕೆಲಸ ಕಲಿತ ಸೌಂಡ್ ಸರ್ವಿಸ್ ಅಂಗಡಿಯ ಬಾಗಿಲಿಗೆ ಮಾತ್ರ ಅವುಗಳ ಜೊತೆ ಇನ್ನೊಂದು ವಸ್ತು ತೂಗುತ್ತಿತ್ತು. ಒಂದು ಮೊಳ ಉದ್ದದ ಕೆಂಪು ವೈರು. ಮೇಲಿನ ಪದರ ಕರಗಿ, ಅಲ್ಲಲ್ಲಿ ತಾಮ್ರದ ಎಳೆಗಳು ಕಪ್ಪಾಗಿ ಹೊರಗೆ ಬಂದಿದ್ದವು.

ಗಿರಾಕಿಗಳು ಕೇಳುತ್ತಿದ್ದರು, “ಇದೇನು ಉಸ್ತಾದ್, ಹೊಸಾ ಪದ್ಧತಿ?”

ಅಂಗಡಿಯ ಯಜಮಾನನನ್ನು ಎಲ್ಲರೂ ಉಸ್ತಾದ್ ಎಂದೇ ಕರೆಯುತ್ತಿದ್ದರು. ಅವನು ಉತ್ತರಿಸುತ್ತಿದ್ದ, “ಬಳ್ಳಾರಿಯಿಂದ ಒಬ್ಬ ಶಾಣ್ಯಾ ಬಂದಿದ್ದ. ಇದು ಅವನ ಕೈಕೆಲಸ. ಸರ್ಕಸ್ ಕಂಪನಿ ಪ್ರಚಾರಕ್ಕ ಹೋದಾಗ ನನ್ನ ವ್ಯಾನ್ ಸುಟ್ಟು ಬೂದಿ ಮಾಡ್ತಿದ್ದ. ಅಂಥಾವರ ದೃಷ್ಟಿ ಬೀಳಬಾರದಂತ ಕಟ್ಟೀನಿ.”

ಆ ಶಾಣ್ಯಾ ನಾನೇ.

ವೈರು ಹಾಕಿದ ಕೈ ನನ್ನದು, ನಿಜ. ಹಾಕಲು ಹೇಳಿದ ಬಾಯಿ ಅವನದು. ಅವನ ವ್ಯಾನಿನ ಮೇಲೆ ನಾಲ್ಕು ಹಾರ್ನ್, ಒಳಗೆ ನಾಲ್ಕು ಆಂಪ್ಲಿಫೈಯರ್. ನಾಲ್ಕಕ್ಕೂ ಕರೆಂಟನ್ನು ಡ್ಯಾಶ್‌ಬೋರ್ಡಿನ ಕೀಲಿಯ ಹಿಂಭಾಗದಿಂದ ಒಂದೇ ತೆಳು ವೈರಿನಲ್ಲಿ ಎಳೆಯುವುದು ಅವನ ಪದ್ಧತಿ. ಕೀಲಿ ತೆಗೆದರೆ ಎಲ್ಲವೂ ಆರುತ್ತದೆ, ಡ್ರೈವರ್ ಮರೆತುಹೋಗಿ ಬ್ಯಾಟರಿ ಖಾಲಿ ಮಾಡುವುದಿಲ್ಲ ಎಂಬುದು ಅವನ ವಾದ. ವಾದ ಸರಿಯಾಗಿತ್ತು. ಲೆಕ್ಕ ಸರಿಯಿರಲಿಲ್ಲ. ಪೂರ್ತಿ ದನಿಯಲ್ಲಿ ಒಂದು ಆಂಪ್ಲಿಫೈಯರ್ ಐದು ಆಂಪಿಯರ್ ಹತ್ತಿರ ಎಳೆಯುತ್ತದೆ. ನಾಲ್ಕು ಸೇರಿದರೆ ಇಪ್ಪತ್ತು. ಆ ವೈರಿಗೂ ಕೀಲಿಯೊಳಗಿನ ತಾಮ್ರದ ಚೂರಿಗೂ ಅದರ ಅರ್ಧ ತಾಳುವ ಶಕ್ತಿಯೂ ಇರಲಿಲ್ಲ.

ನಾನು ಇದನ್ನು ಅವನಿಗೆ ಹೇಳಿದ್ದೆ. ಬ್ಯಾಟರಿಯಿಂದ ದಪ್ಪ ವೈರು ನೇರವಾಗಿ ತರೋಣ, ನಡುವೆ ರಿಲೇ ಹಾಕೋಣ ಎಂದಿದ್ದೆ. ರಿಲೇ ಎಂದರೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡ ಡಬ್ಬಿ. ಒಳಗೆ ತಂತಿಯ ಸುರುಳಿ, ಅದರ ಎದುರು ಕಬ್ಬಿಣದ ಒಂದು ನಾಲಿಗೆ. ಕೀಲಿಯಿಂದ ಬರುವ ಅತಿ ಸಣ್ಣ ಕರೆಂಟು ಸುರುಳಿಯನ್ನು ಅಯಸ್ಕಾಂತವಾಗಿಸುತ್ತದೆ, ಅದು ನಾಲಿಗೆಯನ್ನು ಎಳೆದು ದಪ್ಪ ವೈರಿನ ಎರಡು ತುದಿಗಳನ್ನು ಕೂಡಿಸುತ್ತದೆ. ನಮ್ಮ ಕಡೆಯವರಿಗೆ ತೂಬು ಎಂದರೆ ಸಾಕು, ತಿಳಿಯುತ್ತದೆ. ನೀರಗಂಟಿ ಕಾಲುವೆಯ ನೀರನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ಸುರಿಯುವುದಿಲ್ಲ, ತೂಬಿನ ತಿರುಪು ತಿರುಗಿಸುತ್ತಾನೆ. ಉಸ್ತಾದ ಕೀಲಿಯ ತಲೆಯ ಮೇಲೆ ಕಾಲುವೆಯನ್ನೇ ಹೊರಿಸುತ್ತಿದ್ದ.

“ರಿಲೇ ಲಾರಿ ಹಾರ್ನಿಗೆ ಹಾಕ್ತಾರಲೇ. ನಾವು ಹಾಡು ಕೇಳಸೋ ಮಂದಿ. ಹೇಳಿದಷ್ಟು ಮಾಡು,” ಎಂದಿದ್ದ.

ಹಾಗಾದರೆ ಅಷ್ಟು ವರ್ಷ ಅವನ ವೈರು ಯಾಕೆ ಸುಡಲಿಲ್ಲ? ವ್ಯಾನಿನಲ್ಲಿ ಡ್ರೈವರನ ಪಕ್ಕದ ಅವನ ಸೀಟಿನ ಕೆಳಗೆ ಒಂದು ಸ್ವಿಚ್ಚಿತ್ತು. ಪ್ರಚಾರಕ್ಕೆ ಹೊರಟ ಮೇಲೆ ಕಾಲಿನಿಂದ ಅದನ್ನು ಒತ್ತಿ ಎರಡು ಆಂಪ್ಲಿಫೈಯರ್ ಆರಿಸುತ್ತಿದ್ದ. ನಾಲ್ಕು ಹಾರ್ನಿನ ಬಾಡಿಗೆ, ಎರಡು ಹಾರ್ನಿನ ಹಾಡು. ಓಡುವ ವ್ಯಾನಿನ ತಲೆಯ ಮೇಲೆ ಎಷ್ಟು ಹಾರ್ನ್ ಹಾಡುತ್ತಿವೆಯೆಂದು ಯಾರು ಎಣಿಸುತ್ತಾರೆ? ಸರ್ಕಸ್ಸಿನ ಮ್ಯಾನೇಜರ್ ಎಣಿಸಿದ. ತಾನೇ ಮುಂದೆ ಆ ಸೀಟಿನಲ್ಲಿ ಕುಳಿತು, ನಾಲ್ಕೂ ಹಾಡಬೇಕು, ನಿಲ್ಲಿಸಕೂಡದು ಎಂದ. ಹಚ್ಚೊಳ್ಳಿ ದಾಟುವ ಮೊದಲೇ ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು.

ಹೊಗೆ ಆರಿದ ಮೇಲೆ ಉಸ್ತಾದ ಮ್ಯಾನೇಜರನ ಮುಂದೆ ನನ್ನ ಕಡೆ ಬೆರಳು ಮಾಡಿದ. “ನಾ ಇವಗ ಸಾವಿರ ಸಲ ಹೇಳೀನ್ರಿ, ರಿಲೇ ಹಾಕು, ರಿಲೇ ಹಾಕು ಅಂತ. ಹಾಕಲಿಲ್ಲ.”

ಬೈದಿದ್ದರೆ ಮರೆಯುತ್ತಿದ್ದೆ, ಹೊಡೆದಿದ್ದರೂ ಮರೆಯುತ್ತಿದ್ದೆನೇನೋ. ನನ್ನ ಮಾತನ್ನೇ ಕದ್ದು ಅದರಿಂದಲೇ ನನ್ನನ್ನು ಹೊಡೆದದ್ದನ್ನು ಮರೆಯಲಾಗಲಿಲ್ಲ. ಅದೇ ದಿನ ಕೆಲಸದಿಂದ ಬಿಡಿಸಿದ. ಮರುದಿನ ವೈರು ಬಾಗಿಲಿಗೆ ಏರಿತು.

ಸಿರುಗುಪ್ಪದಲ್ಲಿ ನಾನು ಕೆಲಸ ಕೇಳಲು ಹೋದ ಕಡೆಯಲ್ಲೆಲ್ಲ ವೈರಿನ ಸುದ್ದಿ ನನಗಿಂತ ಮೊದಲೇ ಹೋಗಿ ಕುಳಿತಿತ್ತು. ವೈರಿಂಗ್ ಮಾಡುವವನಿಗೆ ಕೈಯ ಹೆಸರೇ ಬಂಡವಾಳ. ಬಳ್ಳಾರಿಗೆ ಮರಳಿ, ಕೌಲ್ ಬಜಾರಿನ ಬ್ಯಾಟರಿ ಅಂಗಡಿಯೊಂದರಲ್ಲಿ ಆಸಿಡ್ ತುಂಬುವ, ಚಾರ್ಜಿಗೆ ಇಡುವ ಕೆಲಸಕ್ಕೆ ನಿಂತೆ. ಪ್ಯಾಂಟಿನ ತುಂಬ ಆಸಿಡ್ಡಿನ ತೂತುಗಳಾದವು. ದಿನಚರಿ ಬರೆಯುವ ಅಭ್ಯಾಸ ನನಗೆ ಶಾಲೆಯ ದಿನಗಳಿಂದ ಇತ್ತು. ಪ್ರತಿ ಸಂಜೆ ತಾರೀಖು, ಎಷ್ಟು ಬ್ಯಾಟರಿ ಬಂದವು, ಎಷ್ಟು ಹೋದವು ಎಂದು ಬರೆದು ಕೊನೆಗೆ ಒಂದು ಗೀಟು ಎಳೆಯುತ್ತಿದ್ದೆ. ಅದು ವೈರು ತೂಗಿದ ದಿನಗಳ ಲೆಕ್ಕ. ಸಿರುಗುಪ್ಪದಿಂದ ಬಂದ ಗಿರಾಕಿಗಳನ್ನು ಕೇಳುತ್ತಿದ್ದೆ: ಇನ್ನೂ ತೂಗುತ್ತಿದೆಯೇ? ತೂಗುತ್ತಿತ್ತು.

ಬೇಸಿಗೆಯಲ್ಲಿ, ಕಾಲುವೆಗೆ ನೀರು ಬಿಡುವ ಮುಂಚೆ, ಕುರುಗೋಡಿನ ಗೊಬ್ಬರದ ಸಾವ್ಕಾರ ತನ್ನ ಜೀಪಿಗೆ ಬ್ಯಾಟರಿ ಕೊಳ್ಳಲು ಬಂದ. ಬೀಜ, ಗೊಬ್ಬರದ ಪ್ರಚಾರಕ್ಕೆ ನಾಲ್ಕು ಹಾರ್ನಿನ ಗಾಡಿ ಬೇಕೆಂದು ನಮ್ಮ ಮಾಲೀಕನ ಹತ್ತಿರ ಮಾತಾಡುತ್ತಿದ್ದ. ನಾನು ಬ್ಯಾಟರಿ ಇಳಿಸಿ ಎದುರು ನಿಂತೆ.

“ಸಾವ್ಕಾರ್ರೇ, ನಿಮ್ಮ ಜೀಪಿಗೆ ನಾನು ಕಟ್ಟಿ ಕೊಡ್ತೀನ್ರಿ.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀನಲ್ಲೇನಲೇ, ಉಸ್ತಾದನ ಬಾಗಿಲದಾಗ ತೂಗಾಡಾಂವ?”

“ಹೌದ್ರಿ. ಇಳೀಬೇಕಂತಲೇ ಕೇಳಾಕತ್ತೀನಿ.”

ಸಾವ್ಕಾರ ನಕ್ಕ. ನಗಿಸಿದವನಿಗೆ ಕೆಲಸ ಕೊಡುವ ಜಾತಿಯವನಲ್ಲ, ಆದರೆ ವ್ಯಾಪಾರಿ. “ಉಸ್ತಾದಗ ಮಾತು ಕೊಟ್ಟೀನಿ. ವರ್ಷಾ ಅವಂದ ವ್ಯಾನ್ ಬರ್ತೈತಿ.”

“ಒಂದು ದಿನ ಎರಡೂ ಗಾಡಿ ಒಂದ ದಾರ್ಯಾಗ ಹೋಗ್ಲಿ. ನಾಲ್ಕೂ ಹಾರ್ನ್, ಮುಂಜಾನಿಯಿಂದ ಸಂಜಿತನಕ. ಯಾರ ದನಿ ಉಳಿತೈತೋ ಅವರಿಗೆ ಸೀಜನ್ ಕೊಡ್ರಿ.”

“ನಿಂದು ಸುಟ್ರ?”

“ಜೀಪಿನಾಗ ನಾನೂ ಇರ್ತೀನ್ರಿ. ಸುಟ್ರ ಕೂಡೇ ಸುಡ್ತೀನಿ.”

ನಮ್ಮ ಮಾಲೀಕ ನಡುವೆ ಬಾಯಿ ಹಾಕಿದ. “ಕೊಟ್ಟು ನೋಡ್ರಿ. ಆಸಿಡ್ ಸುರುವೋ ಕೆಲಸಕ್ಕ ಇವ ಭಾಳ ಲೆಕ್ಕಾ ಮಾಡ್ತಾನ. ನನಗ ತಲಿ ಕೆಟ್ಟೈತಿ.”

ಹೀಗೆ ಸಾವ್ಕಾರ ಒಪ್ಪಿದ, ನಾನು ಕುರುಗೋಡಿಗೆ ಹೋದೆ. ಆಂಪ್ಲಿಫೈಯರ್, ಹಾರ್ನ್ ಸಾವ್ಕಾರನವು. ಗೋದಾಮಿನ ಮುಂದಿನ ಬೇವಿನ ನೆರಳಲ್ಲಿ ಜೀಪು ನಿಲ್ಲಿಸಿ ಕೆಲಸ ಹಿಡಿದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಕಿರುಬೆರಳ ದಪ್ಪದ ವೈರು, ಒಂದು ಗೇಣಿನೊಳಗೇ ಮುಖ್ಯ ಫ್ಯೂಸು. ಅಲ್ಲಿಂದ ರಿಲೇಯ ಮೂವತ್ತನೇ ಅಂಕಿಯ ಕಾಲು, ಕರೆಂಟು ಒಳಬರುವುದು ಅಲ್ಲಿ. ಕರೆಂಟು ಹೊರಬೀಳುವ ಎಂಬತ್ತೇಳನೇ ಅಂಕಿಯ ಕಾಲಿನಿಂದ ಹೊರಟು ಒಂದು ಹಿತ್ತಾಳೆ ಪಟ್ಟಿ, ಪಟ್ಟಿಯಿಂದ ನಾಲ್ಕು ಆಂಪ್ಲಿಫೈಯರ್‌ಗೆ ನಾಲ್ಕು ವೈರು, ಒಂದೊಂದಕ್ಕೂ ಅದರದೇ ಸಣ್ಣ ಫ್ಯೂಸು. ಒಂದು ಕೆಟ್ಟರೆ ಉಳಿದ ಮೂರು ಹಾಡುತ್ತಿರಬೇಕು. ಸುರುಳಿಯ ಎರಡು ಕಾಲುಗಳಲ್ಲಿ ಒಂದು ಕೀಲಿಗೆ, ಇನ್ನೊಂದು ಗಾಡಿಯ ಕಬ್ಬಿಣಕ್ಕೆ.

ಮೊದಲ ರಿಲೇ ಕೈಕೊಟ್ಟಿತು. ಬಳ್ಳಾರಿಯ ಗುಜರಿಯಲ್ಲಿ ಆರಿಸಿ ತಂದದ್ದು, ದೊಡ್ಡದು, ಗಟ್ಟಿಯಾದದ್ದು. ಎಂಜಿನ್ ಜೋರಾಗಿ ಓಡುವಾಗ ಟಿಕ್ ಎಂದು ಹಿಡಿಯಿತು, ನಾಲ್ಕೂ ಹಾರ್ನ್ ಮೊಳಗಿದವು. ಕುರುಗೋಡಿನ ಸಂತೆಯ ನಡುವೆ ಸಾವ್ಕಾರನ ಡ್ರೈವರ್ ಕಾಲು ಸಡಿಲಿಸಿದ ಕೂಡಲೇ ಬಿಟ್ಟಿತು. ಹಿಡಿಯಿತು, ಮತ್ತೆ ಬಿಟ್ಟಿತು. ಹಾರ್ನುಗಳು ಕೆಮ್ಮಿದವು. ಕೊತ್ತಂಬರಿ ಮಾರುವವಳೊಬ್ಬಳು, “ಪಾಪ, ಗಂಟಲಿಗೆ ಶುಂಠಿ ಕೊಡ್ರಿ,” ಎಂದಳು. ಸಂತೆ ನಕ್ಕಿತು. ಡ್ರೈವರೂ ನಕ್ಕ. ಅವನು ಸಿರುಗುಪ್ಪದವನು, ಸಂಜೆಯೊಳಗೆ ಈ ನಗು ಉಸ್ತಾದನ ಅಂಗಡಿ ಮುಟ್ಟುತ್ತದೆಂದು ನನಗೆ ಗೊತ್ತಿತ್ತು.

ಬಿಚ್ಚಿ ನೋಡಿದರೆ, ಅದು ಗಣಿಯ ಡಂಪರಿನ ರಿಲೇ. ಇಪ್ಪತ್ನಾಲ್ಕು ವೋಲ್ಟಿನ ಸುರುಳಿ. ಜೀಪಿನ ಹನ್ನೆರಡು ವೋಲ್ಟಿಗೆ ಅದರ ನಾಲಿಗೆ ಅರೆಮನಸ್ಸಿನಿಂದ ಮಾತ್ರ ಏಳುತ್ತಿತ್ತು. ಬಳ್ಳಾರಿಯಲ್ಲಿ ಡಂಪರಿನ ಸಾಮಾನು ರಾಶಿ ರಾಶಿ ಸಿಗುತ್ತದೆ. ಗಟ್ಟಿಯಾಗಿ ಕಂಡದ್ದನ್ನು ಅಂಕಿ ಓದದೆ ಎತ್ತಿಕೊಂಡಿದ್ದೆ. ಬಸ್ಸು ಹತ್ತಿ ಹೋಗಿ ಹನ್ನೆರಡು ವೋಲ್ಟಿನ ಹೊಸದನ್ನು ತಂದೆ.

ಅದೂ ಮೊದಲ ದಿನ ನಡುಗಿತು. ಈ ಸಲ ರಿಲೇ ತಪ್ಪು ಮಾಡಿರಲಿಲ್ಲ. ಸುರುಳಿಯಿಂದ ಗಾಡಿಯ ಕಬ್ಬಿಣಕ್ಕೆ ಹೋಗುವ ವೈರನ್ನು ಜೀಪಿನ ಬಣ್ಣದ ಮೇಲೆ ಬಿಗಿದಿದ್ದೆ. ಸಾವ್ಕಾರ ಜೀಪಿಗೆ ವರ್ಷವರ್ಷವೂ ಬಣ್ಣ ಹೊಡೆಸುತ್ತಿದ್ದನಾದ್ದರಿಂದ ಅದು ತೊಗಟೆಯಂತೆ ದಪ್ಪವಾಗಿತ್ತು, ಕರೆಂಟು ಸರಿಯಾಗಿ ದಾಟುತ್ತಿರಲಿಲ್ಲ. ಕಾನಸಿನಿಂದ ಒಂದು ರೂಪಾಯಿಯಗಲ ಉಜ್ಜಿ, ಬಿಳಿ ಕಬ್ಬಿಣ ಕಾಣಿಸಿ, ಅದರ ಮೇಲೆ ಬಿಗಿದೆ. ಆಂಪ್ಲಿಫೈಯರ್‌ಗಳ ಕರೆಂಟು ಮರಳುವ ದಪ್ಪ ವೈರನ್ನೂ ಹಾಗೇ ಮಾಡಿದೆ. ಕೀಲಿ ತಿರುಗಿಸಿದೆ. ಟಿಕ್. ಒಂದೇ ಸಲ. ನಾಲ್ಕೂ ಹಾರ್ನ್ ಹಾಡಿದವು. ಎಂಜಿನ್ ಆರಿಸಿ ಕೀಲಿ ಮಾತ್ರ ಬಿಟ್ಟೆ, ಆಗಲೂ ಹಾಡಿದವು. ಬ್ಯಾಟರಿಯ ಹತ್ತಿರ ಮೀಟರಿನ ಮುಳ್ಳು ಎಲ್ಲಿ ನಿಲ್ಲುತ್ತಿತ್ತೋ, ಆಂಪ್ಲಿಫೈಯರಿನ ಹತ್ತಿರ ಅದಕ್ಕಿಂತ ಕೂದಲೆಳೆಯಷ್ಟೇ ಕೆಳಗೆ ನಿಂತಿತು. ಕೀಲಿ ತೆಗೆದೆ. ಎಲ್ಲವೂ ಒಟ್ಟಿಗೆ ಆರಿದವು.

ಎರಡು ಗಾಡಿಗಳ ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ಉಸ್ತಾದ ವ್ಯಾನು ತೆಗೆದುಕೊಂಡು ಕುರುಗೋಡಿಗೆ ಬಂದ. ನನ್ನ ಜೀಪಿನ ಸುತ್ತ ಒಂದು ಸುತ್ತು ಹಾಕಿದ.

“ಏನೋ ಡಬ್ಬಿ ಹಾಕೀಯಂತ, ಕೆಮ್ಮತೈತಂತ?”

“ಕೆಮ್ಮು ನಿಂತೈತ್ರಿ.”

“ನಿಲ್ಲತೈತಿ, ನಿಲ್ಲತೈತಿ. ಉಸಿರು ನಿಂತ ಮ್ಯಾಲೆ ಕೆಮ್ಮು ತಾನ ನಿಲ್ಲತೈತಿ.”

ಡ್ರೈವರ್ ನಕ್ಕ. ಉಸ್ತಾದ ಚಹಾ ಕುಡಿಯಲು ಒಳಗೆ ಹೋದಾಗ ಅವನ ವ್ಯಾನಿನೊಳಗೆ ಬಗ್ಗಿ ನೋಡಿದೆ. ಕೀಲಿಯ ಹಿಂದೆ ಹೊಸ ಕೆಂಪು ವೈರು. ಹಳೆಯದರಷ್ಟೇ ತೆಳು. ರಿಲೇ ಇರಲಿಲ್ಲ. ಸೀಟಿನ ಕೆಳಗೆ ಸ್ವಿಚ್ಚು ತನ್ನ ಜಾಗದಲ್ಲಿತ್ತು. ರಿಲೇ ಹಾಕೆಂದು ನನಗೆ ಸಾವಿರ ಸಲ ಹೇಳಿದ್ದಾಗಿ ಊರೆಲ್ಲ ಸಾರಿದವನು ತಾನೇ ಹಾಕಿರಲಿಲ್ಲ. ಎರಡು ಹಾರ್ನ್ ಆರಿಸಿ ನಾಳೆಯ ದಿನವನ್ನೂ ದಾಟಿಸುವುದು ಅವನ ಲೆಕ್ಕ.

ಆಗ ನನ್ನ ಮುಂದೆ ಎರಡು ದಾರಿಗಳಿದ್ದವು. ಸ್ವಿಚ್ಚಿನ ಗುಟ್ಟನ್ನು ಸಾವ್ಕಾರನಿಗೆ ಹೇಳಿ ಅಲ್ಲೇ ಗೆಲ್ಲಬಹುದಿತ್ತು. ಸೀಜನ್ ನನಗೆ ಸಿಗುತ್ತಿತ್ತು. ಆದರೆ ಬಾಗಿಲಿನ ವೈರು ಅಲ್ಲೇ ಇರುತ್ತಿತ್ತು. ಉಸ್ತಾದ ಹೊಸ ಕಥೆ ಹೊಸೆಯುತ್ತಿದ್ದ. ಅವನ ಬಾಯಿಯ ಎದುರು ನನ್ನ ಬಾಯಿ ಎಂದೂ ಗೆದ್ದದ್ದಿಲ್ಲ. ಅವನ ವೈರಿನ ಬಾಯಿಂದಲೇ ಮಾತು ಹೊರಡಬೇಕಿತ್ತು.

ಸಾವ್ಕಾರನನ್ನು ಗೋದಾಮಿನ ಮೂಲೆಗೆ ಕರೆದು ಹೇಳಿದೆ, “ನಾಳೆ ನಿಮ್ಮ ಜೀಪಿನಾಗ ಕೂಡಬ್ಯಾಡ್ರಿ. ಅವರ ವ್ಯಾನಿನಾಗ ಕೂಡ್ರಿ, ಉಸ್ತಾದನ ಜಾಗದಾಗ. ನಾಲ್ಕೂ ಹಾರ್ನ್ ಹಾಡಲಿ. ಸೀಟಿನ ಕೆಳಗ ಒಂದು ಸ್ವಿಚ್ಚೈತಿ. ಅದನ್ನ ಯಾರೂ ಮುಟ್ಟದಂಗ ಮಾತ್ರ ನೋಡ್ಕೋರಿ.”

“ಯಾಕಲೇ?”

“ಸಂಜಿಗೆ ಹೇಳ್ತೀನ್ರಿ.”

ಜೀಪಿನ ಡ್ರೈವರನ ಕಣ್ಣು ತಪ್ಪಿಸಿ ಹತ್ತನೇ ನಂಬರಿನ ಸ್ಪ್ಯಾನರ್ ಜೇಬಿಗಿಟ್ಟುಕೊಂಡೆ. ಬ್ಯಾಟರಿಯ ತುದಿ ಬಿಚ್ಚಲು ಅದು ಬೇಕು. ಸಾವ್ಕಾರನ ಮೈಗೆ ಬೆಂಕಿ ತಾಗುವುದು ನನಗೆ ಬೇಕಿರಲಿಲ್ಲ.

ಮರುದಿನ ಮುಂಜಾನೆ ಹೊರಟೆವು. ಮುಂದೆ ವ್ಯಾನು, ದನಿ ದನಿಗೆ ತಾಗದಷ್ಟು ಹಿಂದೆ ನಮ್ಮ ಜೀಪು. ಸಿರುಗುಪ್ಪದವರೆಗೆ ಉಸ್ತಾದನ ದನಿ ಗಂಟೆಯಂತಿತ್ತು. “ರೈತ ಬಾಂಧವರೇ” ಎಂದು ಅವನು ಎಳೆದರೆ ಎತ್ತುಗಳೂ ತಿರುಗಿ ನೋಡುತ್ತಿದ್ದವು. ಆ ಕಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಊರು ದಾಟಿದ ಮೇಲೆ ಒಂದು ಸಲ ವ್ಯಾನು ನಿಂತಿತು, ನಾವೂ ಅದರ ಪಕ್ಕಕ್ಕೆ ಹೋಗಿ ನಿಂತೆವು. ಮೈಕು ಹಿಡಿದ ಉಸ್ತಾದ ಬಗ್ಗಿ ಏನೋ ಹುಡುಕುವವನಂತೆ ಮಾಡಿದ. ಸಾವ್ಕಾರನ ಬಿಳಿ ಪಂಚೆಯ ಕಾಲು ಕದಲಲಿಲ್ಲ. ವ್ಯಾನು ಮತ್ತೆ ಹೊರಟಿತು.

ನಾನು ಆಗಾಗ ರಿಲೇಯ ಮುಚ್ಚಳದ ಮೇಲೆ ಬೆರಳಿಡುತ್ತಿದ್ದೆ. ಕರುವಿನ ಕಿವಿಯಷ್ಟು ಬೆಚ್ಚಗಿತ್ತು. ಅದಕ್ಕಿಂತ ಹೆಚ್ಚಾಗಲಿಲ್ಲ.

ದೇಶನೂರು ದಾಟಿ ಕಾಲುವೆಯ ಏರಿಗೆ ಬಂದಾಗ ಮುಂದಿನ ದನಿ ಬದಲಾಯಿತು. ಮೊದಲು ದಪ್ಪ ದನಿಯಲ್ಲಿ ಕರಕರ. ಆಮೇಲೆ “ರೈತ” ಕೇಳಿಸಿತು, “ಬಾಂಧವರೇ” ಒಳಗೇ ಉಳಿಯಿತು. ಕಾಲುವೆಯ ತಗ್ಗಿನಲ್ಲಿ ಉಳಿದಿದ್ದ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ, “ಇದೇನಬೇ, ಕಪ್ಪಿ ಭಾಷಣ ಮಾಡ್ತೈತಿ,” ಎಂದರು.

ನಮ್ಮ ಡ್ರೈವರ್ ನನ್ನ ಮುಖ ನೋಡಿದ. “ಹೇಳೋಣೇನು ಅವರಿಗೆ?”

“ಇನ್ನೂ ಹೊಗಿ ಬಂದಿಲ್ಲ. ಗಾಡಿ ಹತ್ರ ಬಿಡು.”

ಬಂತು. ವ್ಯಾನು ಗಕ್ಕನೆ ನಿಂತು, ಸಾವ್ಕಾರ ಹೆಗಲಿನ ಟವೆಲ್ ಬೀಸುತ್ತ ಕೆಳಗಿಳಿದ. ಬಾಗಿಲಿನಿಂದ ಬಿಳಿ ಹೊಗೆ ಹೊರಬಂತು. ರಬ್ಬರಿನ ಆ ವಾಸನೆ ನನಗೆ ಪರಿಚಯದ್ದು. ಓಡಿಹೋಗಿ ಬಾನೆಟ್ ಎತ್ತಿದೆ.

“ನನ್ನ ಗಾಡಿ ಮುಟ್ಟಬ್ಯಾಡಲೇ,” ಎಂದ ಉಸ್ತಾದ.

“ಮುಟ್ಟದಿದ್ರ ಬೂದಿ ಮುಟ್ಟತೀರಿ. ಸರೀರಿ.”

ಬ್ಯಾಟರಿಯ ತುದಿ ಬಿಚ್ಚಿ ಪಕ್ಕಕ್ಕೆ ಎಳೆದೆ. ಹೊಗೆ ತೆಳುವಾಯಿತು. ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ, ಬಟ್ಟೆ ಸುತ್ತಿ ಎಳೆದರೆ ವೈರು ಹೊರಗೆ ಬಂತು. ಒಂದು ಮೊಳ ಉದ್ದ. ಸುಟ್ಟ ಜಾಗವೂ ಅದೇ.

ಸಾವ್ಕಾರ ಅದನ್ನು ನೋಡಿದ, ಉಸ್ತಾದನನ್ನು ನೋಡಿದ. “ಇದು ಯಾರ ಕೈಕೆಲಸ ಉಸ್ತಾದ್? ಈ ಹುಡುಗ ನಿನ್ನ ಹತ್ರ ಕೆಲಸಕ್ಕಿಲ್ಲಲ್ಲ.”

ಉಸ್ತಾದ ಕಾಲುವೆಯ ಕಡೆ ತಿರುಗಿದ. ಹಿಂದೆ ನಮ್ಮ ಜೀಪಿನ ನಾಲ್ಕೂ ಹಾರ್ನ್ ಬೀಜದ ಹೆಸರು ಕೂಗುತ್ತಲೇ ಇದ್ದವು.

ವ್ಯಾನಿಗೆ ಹಗ್ಗ ಕಟ್ಟಿ ಜೀಪಿನಿಂದ ಸಿರುಗುಪ್ಪಕ್ಕೆ ಎಳೆದೆವು. ಊರ ಬಾಗಿಲಲ್ಲಿ ಡ್ರೈವರ್ ಕೇಳಿದ, “ಹಾರ್ನ್ ಬಂದ್ ಮಾಡಲೇನು? ಪಾಪ, ಮಂದಿ ನೋಡ್ತಾರ.”

“ನೋಡ್ಲಿ. ದನಿ ಏರಸು.”

ಬಜಾರಿನ ಉದ್ದಕ್ಕೂ ಹಾಗೇ ಹೋದೆವು. ಅಂಗಡಿಗಳಿಂದ ಜನ ಹೊರಗೆ ಬಂದು ನಿಂತರು. ಸುಖವಾಯಿತೇ ಎಂದು ಯಾರಾದರೂ ಕೇಳಿದರೆ, ಆಯಿತು.

ಸೀಜನ್ ನನಗೆ ಬಂತು. ಕೆಲವು ವಾರಗಳ ನಂತರ ಉಸ್ತಾದನ ಡ್ರೈವರ್ ಬ್ಯಾಟರಿ ಅಂಗಡಿಗೆ ಬಂದ. ಮದುವೆಯವರು ವ್ಯಾನು ಗೊತ್ತು ಮಾಡುವಾಗ, ಬಳ್ಳಾರಿ ಹುಡುಗ ರಿಲೇ ಕಟ್ಟಿದರೆ ಮಾತ್ರ ಎನ್ನುತ್ತಿದ್ದಾರಂತೆ. ಬಂದು ಕಟ್ಟಿಕೊಡಬೇಕಂತೆ.

“ಬರ್ತೀನಿ,” ಎಂದೆ. “ಸಂತೀ ದಿನ ಬರ್ತೀನಿ. ಅಂಗಡಿ ಬಾಗಿಲ ಮುಂದ ಕೂತು ಕಟ್ತೀನಿ. ಅಲ್ಲೀತನಕ ಆ ವೈರು ಇಳಸಬಾರದು. ಯಾರು ಕೇಳಿದ್ರೂ ಉಸ್ತಾದ ಖರೇ ಹೇಳಬೇಕು.”

ಕೆಟ್ಟ ಕೆಲಸ ಮಾಡಿಕೊಡುವ ಯೋಚನೆ ಬರಲಿಲ್ಲವೆಂದಲ್ಲ. ಆದರೆ ನಾನು ಕಟ್ಟಿದ್ದು ಸುಟ್ಟರೆ ಅವನ ಸುಳ್ಳು ನಿಜವಾಗುತ್ತಿತ್ತು. ಬಣ್ಣ ಉಜ್ಜಿ, ಅಂಕಿ ಎರಡೆರಡು ಸಲ ಓದಿ, ಜೀಪಿಗೆ ಮಾಡಿದ್ದಕ್ಕಿಂತ ಚೆನ್ನಾಗಿ ಮಾಡಿದೆ. ತಲೆಯ ಮೇಲೆ ಹಳೆಯ ವೈರು ಗಾಳಿಗೆ ತಿರುಗುತ್ತಿತ್ತು.

ಮೊದಲ ಗಿರಾಕಿ ಬಂದ. “ಇದೇನು ಉಸ್ತಾದ್?”

“ಹಳೇದು. ಏನೋ ಒಂದು.”

ನಾನು ವೈರು ಕತ್ತರಿಸುತ್ತಿದ್ದ ಪಕ್ಕಡ ಕೆಳಗಿಟ್ಟು ಕೈ ಕಟ್ಟಿ ಕೂತೆ. ಗಿರಾಕಿ ನಮ್ಮಿಬ್ಬರನ್ನೂ ನೋಡಿದ.

“ನಂದು,” ಎಂದ ಉಸ್ತಾದ. “ನಾನ ಹಾಕ್ಸಿದ್ದು. ಇವ ಬ್ಯಾಡ ಅಂದಿದ್ದ.”

ನಾನು ಪಕ್ಕಡ ಎತ್ತಿಕೊಂಡೆ. ಆ ದಿನ ಕೇಳಿದವರು ಬಹಳ. ಅರ್ಧ ಜನ ಉತ್ತರ ಗೊತ್ತಿದ್ದೂ ಕೇಳಿದರು. ಸಂಜೆಯ ಹೊತ್ತಿಗೆ ಅವನ ಉತ್ತರ ಪಾಠವಾಗಿತ್ತು, ಮೈಕಿನ ಮುಂದಿನ ಎಳೆತ ಮಾತ್ರ ಇರಲಿಲ್ಲ.

ಮುಖ್ಯ ಫ್ಯೂಸು ಒಂದು ಉಳಿದಿತ್ತು. ಅದು ನನ್ನ ಅಂಗಿಯ ಜೇಬಿನಲ್ಲಿತ್ತು. ಅಷ್ಟರಲ್ಲಿ ಬಾಗಿಲಿಗೆ ನಿಂಬೆ, ಮೆಣಸಿನಕಾಯಿ ಕಟ್ಟುವ ಮುದುಕಿ ಹೊಸ ಸರ ಹಿಡಿದು ಬಂದಳು. ಬಾಡಿದ್ದನ್ನು ಬಿಚ್ಚುತ್ತ, “ಈ ವೈರೂ ತಗದುಬಿಡ್ಲೇನಪಾ?” ಎಂದಳು.

“ತಗೀ ಅವ್ವಾ, ತಗೀ,” ಎಂದ ಉಸ್ತಾದ.

“ನಿಂಬಿಹಣ್ಣು ಬದಲಿ ಮಾಡವ್ವಾ,” ಎಂದೆ ನಾನು. “ವೈರು ಇರ್ಲಿ.”

ಉಸ್ತಾದ ನನ್ನ ಎದುರು ಕುಕ್ಕರಗಾಲಲ್ಲಿ ಕೂತ. ದನಿ ಇಳಿಸಿ, “ಇನ್ನೆಷ್ಟು ದಿನಲೇ?” ಎಂದ.

“ನಂದಂತ ಎಷ್ಟು ದಿನ ತೂಗ್ತೋ, ನಿಮ್ದಂತ ಅಷ್ಟ ದಿನ ತೂಗ್ಲಿ. ನಿಮಗ ನೆನಪಿರಾಕಿಲ್ಲ. ನನ್ನ ಹತ್ರ ಲೆಕ್ಕೈತಿ.”

ಅವನು ಆಂಪ್ಲಿಫೈಯರ್‌ಗಳನ್ನು ನೋಡಿದ. ಆಮೇಲೆ ಆಗಲಿ ಎಂದು ತಲೆಯಾಡಿಸಿದ. ಜೇಬಿನಿಂದ ಫ್ಯೂಸು ತೆಗೆದು ಕೂಡಿಸಿದೆ. “ಕೀಲಿ ತಿರುಗಸ್ರಿ,” ಎಂದೆ. ಅವನೇ ತಿರುಗಿಸಿದ. ಟಿಕ್ ಎಂದಿತು. ನಾಲ್ಕೂ ಹಾರ್ನ್ ಒಟ್ಟಿಗೆ ಉಸಿರೆಳೆದವು.

ಬಳ್ಳಾರಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮನೆಗೆ ಬಂದು, ಊಟಕ್ಕೆ ಮೊದಲು, ದಿನಚರಿಯಲ್ಲಿ ಹೊಸ ಪುಟ ತೆಗೆದು ತಾರೀಖು ಬರೆದೆ. ಅದರ ಕೆಳಗೆ ಮೊದಲ ಗೀಟು ಎಳೆದೆ.